ಸಿಂಗಪುರದ ನವಿಲು ಕಾರ್ಡು, ಹದಿನಾರಿನ ಬೂತು

ಸಿಂಗಪುರಕ್ಕೆ ಹೋಗಿ ಬಂದವರೆಲ್ಲ ಬಾಯಿಂದ ನೀರು ಉಗುಳುವ ಸಿಂಹದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನನ್ನ ಹತ್ತಿರ ಆ ಫೋಟೋ ಇಲ್ಲ. ನಲವತ್ತು ದಿನ ಆ ಊರಿನಲ್ಲಿದ್ದೆ, ಆ ಸಿಂಹ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಆದರೆ ಅಲ್ಲಿಂದ ಇಂಡಿಯಾಕ್ಕೆ ಮಾತಾಡುವ ಫೋನ್ ಕಾರ್ಡುಗಳಲ್ಲಿ ಯಾವುದು ನಿಯತ್ತಿನದು, ಯಾವುದು ಟೋಪಿ ಹಾಕುವಂಥದ್ದು ಎಂದು ಕೇಳಿ ನೋಡಿ, ಎಲ್ಲ ಬಿಡಿಸಿ ಹೇಳುತ್ತೇನೆ. ಇದನ್ನು ಜಂಬ ಎನ್ನುವವರು ಎನ್ನಲಿ. ಜಂಬವೇ.

ಹದಿನಾರು, ಹೊರಡುವ ಮುಂಚೆ

ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ, ಮದುವೆಯಾಗಿ ಬಂದದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಎನ್ನುವ ಊರಿಗೆ. ಊರಿನಲ್ಲಿ ಭಾಗ್ಯಮ್ಮ ಎಂದರೆ ಮೂರು ಜನ ಇದ್ದಾರೆ. ಬೂತ್ ಭಾಗ್ಯಮ್ಮ ಎಂದರೆ ನಾನೊಬ್ಬಳೇ. ಬಸ್ ನಿಲ್ಲುವ ಕಡೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ನನ್ನದು. ಗಾಜಿನ ಗೂಡು, ಒಳಗೆ ಒಂದು ಸ್ಟೂಲು, ತಲೆಯ ಮೇಲೆ ಕೆಂಪು ಅಂಕಿ ಓಡುವ ಮೀಟರ್. ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಮೊಬೈಲ್ ಇನ್ನೂ ನಮ್ಮೂರಿನವರ ಜೇಬಿಗೆ ಬಂದಿರಲಿಲ್ಲ. ಯಾರ ಮಗ ಪಾಸಾದ, ಯಾರ ಮನೆಯ ಸಂಬಂಧ ಮುರಿಯಿತು, ಎಲ್ಲ ಮೊದಲು ನನ್ನ ಕಿವಿಗೇ ಬೀಳುತ್ತಿತ್ತು. ಒಂದು ಮಾತೂ ಆ ಗಾಜು ದಾಟಿ ಹೊರಗೆ ಹೋಗಿಲ್ಲ. ಒಳಗೆ ಮಾತಾಡುವವರ ಬೆನ್ನು ನೋಡಿದರೆ ಸಾಕು, ಆ ಕಡೆಯಿಂದ ಒಳ್ಳೆಯ ಸುದ್ದಿ ಬಂದಿದೆಯೋ ಕೆಟ್ಟದ್ದೋ ನನಗೆ ತಿಳಿಯುತ್ತದೆ.

ನನ್ನ ತಂಗಿ ರಾಜೇಶ್ವರಿ ಸಿಂಗಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾವು ರಾಜಿ ಎನ್ನುತ್ತೇವೆ. ಅವಳ ಗಂಡ ಮಹೇಶ ಅಲ್ಲೇ ಹಡಗು ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದಾನೆ. ಅವನು ನಮ್ಮ ಹದಿನಾರಿನವನೇ; ಈ ಸಂಬಂಧ ಕೂಡಿಸಿದವಳು ನಾನು. ಮಹೇಶ ಕೂಸಾಗಿದ್ದಾಗಲೇ ಅವನ ತಾಯಿ ತೀರಿಹೋದರು. ಅವನನ್ನು ಎತ್ತಿ ಆಡಿಸಿ, ಗದ್ದೆ ನಾಟಿಗೆ ಹೋಗಿ ಸಾಕಿ, ಐಟಿಐ ಓದಿಸಿದವರು ಅವನ ಅಕ್ಕ ಶಿವಮ್ಮ. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲಿದೆ. ಬೀದಿಯಲ್ಲಿ ಹೋಗುವ ಎಮ್ಮೆ ಕೂಡ ಶಿವಮ್ಮಕ್ಕನ ಗಂಟಲು ಕೇಳಿದರೆ ಪಕ್ಕಕ್ಕೆ ಸರಿಯುತ್ತದೆ.

ತಿಂಗಳಿಗೆ ಒಂದೆರಡು ಸಲ ಮಹೇಶ ನನ್ನ ಬೂತಿಗೆ ಫೋನ್ ಮಾಡುತ್ತಿದ್ದ. ನಾನು ಅಕ್ಕನಿಗೆ ಹೇಳಿಕಳಿಸುತ್ತಿದ್ದೆ, ಅವರು ಸೆರಗಿಗೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದರು. ರಾಜಿಗೆ ಐದು ತಿಂಗಳಾಗಿದ್ದಾಗ ಒಂದು ದಿನ ಹಾಗೇ ಫೋನ್ ಬಂತು. ಹೆರಿಗೆಗೆ ಊರಿಗೆ ಕರೆದುಕೊಂಡು ಬಾ ಎಂದರು ಅಕ್ಕ. ರಜ ಸಿಗುವುದಿಲ್ಲ ಎಂದ ಅವನು. ಅಕ್ಕನಿಗೆ ಎಲ್ಲಿತ್ತೋ ಸಿಟ್ಟು. "ನಿನ್ನ ಸಾಕಕ್ಕೆ ನಂಗೆ ಯಾವನ್ಲಾ ರಜ ಕೊಟ್ಟಿದ್ದ?" ಎಂದು ಶುರು ಮಾಡಿದವರು, ಹೇಳುತ್ತ ಹೇಳುತ್ತ ಅತ್ತೇಬಿಟ್ಟರು. ಅಷ್ಟರಲ್ಲಿ ಫೋನ್ ಸತ್ತುಹೋಯಿತು.

ಅಕ್ಕ ರಿಸೀವರನ್ನು ಒಂದು ಗಳಿಗೆ ಹಾಗೇ ನೋಡಿದರು. "ಇಟ್ಬುಟ್ಟ ಕಣಮ್ಮಿ," ಎಂದರು ನನಗೆ. "ನಾನು ಮಾತಾಡ್ತಾ ಇವ್ನಿ, ಮಕದ ಮ್ಯಾಲೆ ಇಟ್ಬುಟ್ಟ."

"ಇಲ್ಲ ಅಕ್ಕ, ಅವನು ಕಾರ್ಡ್ ಹಾಕಿ ಮಾಡೋದು, ಕಾರ್ಡ್ ಮುಗಿದಿರಬೇಕು."

"ಕಾರ್ಡ್ ಮುಗಿಯಾದು ಅಂದ್ರೇನು? ನಿನ್ ಬೂತಲ್ಲಿ ಇಷ್ಟು ವರ್ಸದಿಂದ ಜನ ಮಾತಾಡ್ತಾವ್ರೆ. ಯಾರ್ದಾದ್ರೂ ಮದ್ಯದಲ್ಲಿ ತಾನಾಗೇ ನಿಂತದಾ? ಇಟ್ರೆ ತಾನೆ ನಿಲ್ಲಾದು?"

ಅವರು ಹೇಳಿದ್ದು ಸತ್ಯ. ನನ್ನ ಬೂತಿನಲ್ಲಿ ಮೊದಲು ಮಾತು, ಆಮೇಲೆ ಬಿಲ್ಲು. ನೀವಾಗಿ ಇಡುವ ತನಕ ಮೀಟರ್ ಓಡುತ್ತಲೇ ಇರುತ್ತದೆ. ಮೊದಲೇ ದುಡ್ಡು ಕೊಟ್ಟು, ಮಾತು ಬಾಯಲ್ಲಿರುವಾಗಲೇ ಕತ್ತರಿಸಿಕೊಳ್ಳುವ ಫೋನನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ಮಹೇಶನೇ ಇಟ್ಟನೇನೋ ಎಂದು ನನಗೂ ಒಂದು ಎಳೆ ಅನುಮಾನವಿತ್ತು.

ಮಾರನೇ ದಿನ ಮಹೇಶ ಮತ್ತೆ ಮಾಡಿದ. ಅಕ್ಕ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ರಾಜಿಗೆ ಹೆಣ್ಣುಮಗುವಾಯಿತು. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಮಹೇಶನಿಗೆ ಇರುವುದು ಒಬ್ಬಳೇ ಅಕ್ಕ. "ಅಕ್ಕ ಹೇಳದೆ ನನ್ನ ಮಗಳಿಗೆ ಹೆಸರಿಲ್ಲ ಭಾಗ್ಯಕ್ಕ," ಎಂದ ಅವನು ಫೋನಿನಲ್ಲಿ. ಬಾಣಂತನಕ್ಕೆ ಅಂತ ನಾನು ವಿಮಾನ ಹತ್ತಿದೆ. ಬಾಣಂತನ ನನಗೆ ನೀರು ಕುಡಿದಷ್ಟು ಸಲೀಸು. ಈ ಮುನಿಸು ಹೇಗೆ ಬಿಡಿಸುವುದು ಎನ್ನುವುದೇ ದಾರಿಯುದ್ದಕ್ಕೂ ತಲೆ ತಿಂದಿತು.

ಸಿಂಗಪುರ, ಮೊದಲ ವಾರ

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಬಜೆ, ಹಿಪ್ಪಲಿ, ಒಣಶುಂಠಿ, ಸಾಂಬ್ರಾಣಿ, ಮೂರು ಡಬ್ಬ ಲೇಹ್ಯ. ಒಂದೊಂದನ್ನೂ ಮೂಸಿ ನೋಡಿದ. ಲೇಹ್ಯದ ಡಬ್ಬ ತೆಗೆದಾಗ ಮುಖ ಕಿವುಚಿದ. ನಾನು ಮಗುವನ್ನು ತೂಗುವ ಹಾಗೆ ಕೈ ಆಡಿಸಿ, ಹೊಟ್ಟೆ ಮುಟ್ಟಿ ತೋರಿಸಿ, "ಸಿಸ್ಟರ್, ಬೇಬಿ, ಮೆಡಿಸಿನ್" ಎಂದೆ. ಪಕ್ಕದಲ್ಲಿದ್ದ ವಯಸ್ಸಾದ ಅಧಿಕಾರಿಣಿ ಒಬ್ಬರು ನಕ್ಕು ಏನೋ ಹೇಳಿದರು, ಅವನು ಚೀಲ ಮುಚ್ಚಿಕೊಟ್ಟ. ಹೆಂಗಸಿಗೆ ಹೆಂಗಸೇ ಬೇಕು ಅಂದುಕೊಂಡು ಹೊರಗೆ ಬಂದೆ.

ರಾಜಿಯ ಮನೆ ಹತ್ತನೇ ಮಹಡಿಯಲ್ಲಿ. ಅಲ್ಲಿಯವರು ಬಟ್ಟೆಯನ್ನು ಬಿದಿರು ಗಳಕ್ಕೆ ಪೋಣಿಸಿ ಕಿಟಕಿಯಿಂದ ಹೊರಕ್ಕೆ ಚಾಚುತ್ತಾರೆ. ಎರಡನೇ ದಿನವೇ ನನ್ನ ಹಸಿರು ಸೀರೆ ಗಾಳಿಗೆ ಕಳಚಿಕೊಂಡು ಹೋಯಿತು. ಹೋಯಿತಲ್ಲ ಅಂತ ಬಾಯಿ ಬಡಿದುಕೊಳ್ಳುತ್ತಿದ್ದೆ. ಸಂಜೆ ಕೆಳಮನೆಯ ಮುದುಕರೊಬ್ಬರು ಅದನ್ನು ಚೊಕ್ಕವಾಗಿ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಆರು ಗಜದ ಸೀರೆಯನ್ನು ಆ ಗಂಡಸು ಹೇಗೆ ಅಷ್ಟು ಚೆನ್ನಾಗಿ ಮಡಿಸಿದರು ಎಂದು ನನಗೆ ಇನ್ನೂ ಆಶ್ಚರ್ಯ. ನನ್ನ ಗಂಡ ಇಪ್ಪತ್ತು ವರ್ಷದಿಂದ ಲುಂಗಿ ಮಡಿಸುವುದನ್ನು ಕಲಿತಿಲ್ಲ.

ಊಟದ ಹೋಟೆಲುಗಳಲ್ಲಿ ಖಾಲಿ ಮೇಜಿನ ಮೇಲೆ ಒಂದು ಕಾಗದದ ಕರವಸ್ತ್ರದ ಪೊಟ್ಟಣ ಇಟ್ಟಿರುತ್ತಾರೆ. ಯಾರೋ ಮರೆತು ಹೋಗಿದ್ದಾರೆ ಎಂದು ನಾನು ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂತೆ. ತಟ್ಟೆ ಹಿಡಿದು ಬಂದ ಹುಡುಗಿ ಮಿಕಮಿಕ ನೋಡಿದಳು. ಮಹೇಶ ನನ್ನನ್ನು ಎಬ್ಬಿಸಿ, ಅದು ಜಾಗ ಹಿಡಿಯುವ ರೀತಿ ಎಂದು ಹೇಳಿದ. ಅಯ್ಯೋ, ಇಷ್ಟೇನಾ! ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ನಾವು. ಇವರ ಟವೆಲ್ ಸ್ವಲ್ಪ ಚಿಕ್ಕದು, ಅಷ್ಟೇ.

ಪಕ್ಕದ ಮನೆಯ ಚೀನೀ ಹೆಂಗಸನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಪರಿಚಯವಾದದ್ದು ಸಾಂಬ್ರಾಣಿಯಿಂದ. ಮಗುವಿಗೆ ಎರೆದು ಹೊಗೆ ಹಾಕುತ್ತಿದ್ದೆ. ಬಾಗಿಲು ದಬದಬ ಬಡಿದ ಸದ್ದು. ತೆಗೆದರೆ ಆಂಟಿ, ಕೈಯಲ್ಲಿ ತುಂಬಿದ ಬಕೆಟ್ಟು. ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡಿದ್ದರು. ಒಳಗೆ ಬಂದು ಮಗು, ಬಾಣಂತಿ, ಹೊಗೆ ಎಲ್ಲ ನೋಡಿ ಬಕೆಟ್ಟು ಕೆಳಗಿಟ್ಟು ಅಲ್ಲೇ ಕೂತರು. ಅವರಲ್ಲೂ ಒಂದು ತಿಂಗಳು ಬಾಣಂತಿ ಗಾಳಿಗೆ ಬರುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ, ಶುಂಠಿ ಎಳ್ಳೆಣ್ಣೆ ಇಲ್ಲದ ಊಟವಿಲ್ಲ. ಒಂದೇ ಒಂದು ವಿಷಯಕ್ಕೆ ನಮಗೆ ಜಗಳ. ಅವರಲ್ಲಿ ತಿಂಗಳ ತನಕ ಬಾಣಂತಿಯ ತಲೆಗೆ ನೀರು ಹಾಕುವುದಿಲ್ಲ. ನಾನು ದಿನ ಬಿಟ್ಟು ದಿನ ಹಂಡೆ ಹಂಡೆ ಬಿಸಿನೀರು ಹುಯ್ಯುವವಳು. ಅವರು ತಲೆ ಮುಟ್ಟಿ "ನೋ" ಎನ್ನುವರು, ನಾನು ತಲೆ ಮುಟ್ಟಿ "ಎಸ್" ಎನ್ನುವೆ. ರಾಜಿ ಮಧ್ಯದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ತಿಂಗಳು ತುಂಬಿದ ದಿನ ಅವರು ಕೂಡ ಹಬ್ಬ ಮಾಡುತ್ತಾರಂತೆ, ಮೊಟ್ಟೆಗೆ ಕೆಂಪು ಬಣ್ಣ ಹಾಕಿ ಹಂಚುತ್ತಾರಂತೆ. ಹಾಗಾದರೆ ನಮ್ಮ ತೊಟ್ಟಿಲ ಶಾಸ್ತ್ರವೂ ಅದೇ ದಿನ ಆಗಲಿ ಎಂದು ಗೊತ್ತುಮಾಡಿದೆವು.

ದಿನವೇನೋ ಗೊತ್ತಾಯಿತು. ಹೆಸರು ಹೇಳುವವರು ಫೋನ್ ಹತ್ತಿರ ಬರಬೇಕಲ್ಲ. ಮಹೇಶನನ್ನು ಕೂರಿಸಿಕೊಂಡು ನೇರವಾಗಿ ಕೇಳಿದೆ, "ಅವತ್ತು ನೀನು ಇಟ್ಟೆಯೋ, ಅದೇ ಕಟ್ಟಾಯಿತೋ? ದೇವರಾಣೆ ಮಾಡಿ ಹೇಳು."

ಅವನು ಎದ್ದು ಹೋಗಿ ಡ್ರಾಯರಿನಿಂದ ಒಂದು ಹಳೆಯ ಕಾರ್ಡ್ ತಂದು ನನ್ನ ಕೈಗಿಟ್ಟ. ಅದರ ಮೇಲೆ ಹುಲಿಯ ಚಿತ್ರ. "ತೊಂಬತ್ತು ನಿಮಿಷ ಅಂತ ಹೇಳ್ತು ಭಾಗ್ಯಕ್ಕ. ಅರ್ಧ ಗಂಟೆನೂ ಆಗಿರಲಿಲ್ಲ. ಅಕ್ಕ ಅಳ್ತಾ ಇದ್ಲು. ನಾನು ಹಲೋ ಹಲೋ ಅಂತ ಕಿರುಚ್ತಾನೇ ಇದ್ದೆ." ಅವನ ಕಣ್ಣು ತುಂಬಿತ್ತು. ನನ್ನ ಅನುಮಾನಕ್ಕೆ ನನಗೇ ನಾಚಿಕೆಯಾಯಿತು. ಸಿಟ್ಟೆಲ್ಲ ಆ ಹುಲಿಯ ಮೇಲೆ ತಿರುಗಿತು.

ಟೇಕ್ಕಾ, ಭಾನುವಾರ

ಭಾನುವಾರ ಟೇಕ್ಕಾ ಮಾರ್ಕೆಟ್ಟಿನ ಕಡೆ ಹೋದರೆ ಸಿಂಗಪುರವೇ ಅಲ್ಲ ಅದು. ಕೆಲಸಕ್ಕೆ ಬಂದ ನಮ್ಮ ಕಡೆಯ ಗಂಡಸರೆಲ್ಲ ಇಸ್ತ್ರಿ ಅಂಗಿ ಹಾಕಿ ರಸ್ತೆ ತುಂಬ ನಿಂತಿರುತ್ತಾರೆ. ಮಲ್ಲಿಗೆ, ಕರಿಬೇವು, ಬೆವರು ಎಲ್ಲ ಸೇರಿದ ವಾಸನೆ. ಬಂದ ಮೇಲೆ ಮೊದಲ ಸಲ ಎದೆ ತುಂಬ ಉಸಿರಾಡಿದೆ.

ಕಾರ್ಡ್ ಮಾರುವ ಅಂಗಡಿಯ ಮುಂದೆ ನಿಂತು ದಂಗಾದೆ. ಗೋಡೆ ತುಂಬ ಕಾರ್ಡು, ಮದುವೆ ಮನೆಯಲ್ಲಿ ತೋರಣ ಕಟ್ಟಿದ ಹಾಗೆ. ಹುಲಿ, ಸೂರ್ಯ, ವಿಮಾನ, ತಾವರೆ. ಒಂದೊಂದರ ಕೆಳಗೂ ಇಂಡಿಯಾಕ್ಕೆ ಇಷ್ಟು ನಿಮಿಷ ಎಂದು ದಪ್ಪ ಅಕ್ಷರ. ಅಂಗಡಿಯಾತ ತಂಜಾವೂರು ಕಡೆಯ ಹಿರಿಯ, ಎಲ್ಲರೂ ಅಣ್ಣಾಚಿ ಎನ್ನುತ್ತಿದ್ದರು. ನಮ್ಮ ಕಡೆ ಬಾವಿ ತೋಡಲು ಬರುತ್ತಿದ್ದವರ ಜೊತೆ ಮಾತಾಡಿ ಕಲಿತ ತಮಿಳು ನನ್ನದು. "ಯಾವುದು ಒಳ್ಳೆಯದು ಅಣ್ಣಾಚಿ?" ಎಂದೆ. ಕಣ್ಣು ಕೂಡ ಎತ್ತದೆ ಹುಲಿಯ ಕಡೆ ಬೆರಳು ತೋರಿಸಿದರು.

ನಾನು ಕೊಳ್ಳಲಿಲ್ಲ. ಅಂಗಡಿಯ ಎದುರಿಗೇ ಸಾಲಾಗಿ ಏಳೆಂಟು ಪಬ್ಲಿಕ್ ಫೋನುಗಳಿದ್ದವು. ಒಂದು ಕಟ್ಟೆ ಹುಡುಕಿ ಕೂತೆ. ಬೂತಿನಲ್ಲಿ ನಾನು ಮಾಡುವುದು ಇದೇ ಕೆಲಸವಲ್ಲವೇ? ಬೆನ್ನು ನೋಡುವುದು. ಹುಲಿ ಕಾರ್ಡಿನವರೆಲ್ಲ ಫೋನಿಗೆ ಅಂಟಿಕೊಂಡು ಗಡಿಬಿಡಿಯಲ್ಲಿ ಮಾತಾಡುವರು, ಇದ್ದಕ್ಕಿದ್ದಂತೆ "ಹಲೋ! ಹಲೋ!" ಎಂದು ರಿಸೀವರನ್ನು ಕುಟ್ಟುವರು. ಸೂರ್ಯನ ಕಾರ್ಡಿನವರು ಒಂದು ಮಾತಾಡಿ ಸುಮ್ಮನೆ ನಿಲ್ಲುವರು, ಮತ್ತೆ ಇಬ್ಬರೂ ಒಟ್ಟಿಗೆ ಮಾತಾಡುವರು, ಮತ್ತೆ ಇಬ್ಬರೂ ಸುಮ್ಮನಾಗುವರು. ಕೊನೆಯ ಫೋನಿನಲ್ಲಿ ಒಬ್ಬ ಮಾತ್ರ ಗೋಡೆಗೆ ಒರಗಿ, ಒಂದು ಕಾಲು ಮಡಚಿ, ನಗುನಗುತ್ತ ಮಾತಾಡುತ್ತಿದ್ದ. ತನ್ನ ಮನೆಯ ಜಗುಲಿಯ ಮೇಲೆ ಇದ್ದ ಹಾಗೆ. ಮಾತು ಮುಗಿಸಿ, ಮೆಲ್ಲನೆ ತಾನೇ ಫೋನ್ ಇಟ್ಟ.

ಎದ್ದು ಅಡ್ಡ ಹೋಗಿ ಕೇಳಿಯೇಬಿಟ್ಟೆ. "ತಮ್ಮಾ, ನಿಂದು ಯಾವ ಕಾರ್ಡು?"

ಅವನು ಹೆದರಿಕೊಂಡ. ಆಮೇಲೆ ನಕ್ಕು ತೋರಿಸಿದ. ನವಿಲಿನ ಚಿತ್ರ. ಬಣ್ಣ ಮಾಸಿದ, ಯಾರೂ ತಿರುಗಿ ನೋಡದ ಕಾರ್ಡು. "ನಲವತ್ತೇ ನಿಮಿಷ ಅಂತಾರೆ ಅಕ್ಕಾ. ಹೊಸಬರು ಯಾರೂ ತಗೊಳ್ಳಲ್ಲ. ಹತ್ತು ವರ್ಷದಿಂದ ಇರೋರು ಇದನ್ನೇ ಕೇಳ್ತಾರೆ," ಎಂದ ತಮಿಳಿನಲ್ಲಿ.

ಅಣ್ಣಾಚಿಯ ಗೋಡೆಯ ಮೇಲೆ ನವಿಲೇ ಇರಲಿಲ್ಲ. ಕೇಳಿದ್ದಕ್ಕೆ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಮೇಜಿನ ಕೆಳಗಿಂದ ತೆಗೆದು ಕೊಡುತ್ತ, "ನಿನಗೆ ಯಾರು ಹೇಳಿದರು?" ಎಂದರು.

"ನಾನೂ ಫೋನ್ ಅಂಗಡಿಯವಳೇ ಅಣ್ಣಾಚಿ," ಎಂದೆ. ಆ ಮಾತು ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹುಲಿ ಒಂದು, ಸೂರ್ಯ ಒಂದು, ನವಿಲು ಮೂರು ತೆಗೆದುಕೊಂಡೆ. ಬೇರೆಯವರ ಮಾತು ನಂಬಿ ನನ್ನ ಬೂತಿನಲ್ಲಿ ನಾನು ಯಾವತ್ತೂ ಬಿಲ್ಲು ಹರಿದವಳಲ್ಲ. ಪರೀಕ್ಷೆ ಮಾಡಿಯೇ ಮಾಡುವುದು ಎಂದು ಗಟ್ಟಿಮಾಡಿದೆ.

ಹತ್ತನೇ ಮಹಡಿ, ಪರೀಕ್ಷೆ

ಕಾರ್ಡಿನ ಹಿಂದೆ ಬೂದು ಪಟ್ಟಿ. ಉಗುರಿನಲ್ಲಿ ಕೆರೆದರೆ ಸಾಲು ಅಂಕಿ. ಮನೆಯ ಫೋನಿನಿಂದ ಒಂದು ನಂಬರ್ ಒತ್ತಿ, ಆ ಅಂಕಿ ಒತ್ತಿ, ಆಮೇಲೆ ನನ್ನ ಬೂತಿನ ನಂಬರ್. ಒಬ್ಬ ಹೆಂಗಸು ಒಳಗಿಂದ ನಿಮಿಷ ಹೇಳುತ್ತಾಳೆ, ಆಮೇಲೆ ರಿಂಗು. ಬೂತ್ ನೋಡಿಕೊಳ್ಳುತ್ತಿದ್ದ ನನ್ನ ಗಂಡ ನಿಂಗರಾಜು ಎತ್ತಿದರು.

"ರೀ, ವಾಚು ಕಟ್ಟಿದ್ದೀರಾ? ನಾನು ಹೇಳಿದಾಗಿಂದ ನೋಡ್ಕೊಳ್ಳಿ. ಕಟ್ಟಾಗೋವರೆಗೂ ಮಾತಾಡ್ತಾ ಇರಬೇಕು."

"ಅಷ್ಟೊತ್ತು ಏನಮ್ಮಿ ಮಾತಾಡದು?"

ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಮಾತೇ ಇಲ್ಲ ನೋಡಿ. ಮೊದಲು ಹಸುವಿನ ವಿಚಾರ, ಆಮೇಲೆ ಒಲೆಯ ಮೇಲೆ ಹಾಲು ಉಕ್ಕಿಸಿದ ವಿಚಾರ, ಆಮೇಲೆ ಜಗಳ. ಜಗಳ ಶುರುವಾದ ಮೇಲೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ತೊಂಬತ್ತು ನಿಮಿಷ ಎಂದಿದ್ದ ಹುಲಿ ಇಪ್ಪತ್ತೇಳಕ್ಕೆ ಸದ್ದಿಲ್ಲದೆ ಸತ್ತಿತು. ಸೂರ್ಯನಲ್ಲಿ ನಿಮಿಷ ಪರವಾಗಿಲ್ಲ. ಆದರೆ ನನ್ನ ಮಾತು ಅವರಿಗೆ ತಲುಪಿ ಉತ್ತರ ಬರುವುದರೊಳಗೆ ಒಂದು ಎಲೆಗೆ ಸುಣ್ಣ ಹಚ್ಚಬಹುದು. ಶಿವಮ್ಮಕ್ಕ "ನಿಂಗೆ ನಾನು ಬೇಕೇನ್ಲಾ?" ಎಂದು ಕೇಳಿ, ಉತ್ತರ ಅಷ್ಟು ತಡವಾಗಿ ಬಂದರೆ ಕೆಲಸ ಕೆಟ್ಟಂತೆಯೇ. ನವಿಲು ನಲವತ್ತು ಎಂದಿತು. ಮಾತು ಪಕ್ಕದ ಕೋಣೆಯಿಂದ ಬಂದ ಹಾಗೆ. ಮೂವತ್ತೊಂಬತ್ತಕ್ಕೆ ಆ ಹೆಂಗಸು ಮತ್ತೆ ಬಂದು ಇನ್ನೊಂದು ನಿಮಿಷ ಇದೆ ಎಂದು ಎಚ್ಚರಿಸಿದಳು. ನಲವತ್ತಕ್ಕೆ ನಿಂತಿತು. ಕಡಿಮೆ ಹೇಳಿ ಪೂರ್ತಿ ಕೊಡುವ ವ್ಯಾಪಾರ. ನನಗೆ ಆ ಕಾರ್ಡಿಗೆ ಕೈ ಮುಗಿಯಬೇಕು ಅನ್ನಿಸಿತು.

ಆ ಕೊನೆಯ ನಿಮಿಷದಲ್ಲೇ, ನವಿಲು ನಿಲ್ಲುವ ಮುಂಚೆ, ಗಂಡನಿಗೆ ಹೇಳಿದೆ. "ಶಿವಮ್ಮಕ್ಕನಿಗೆ ಹೋಗಿ ಹೇಳಿ. ಇನ್ನು ಹನ್ನೆರಡನೇ ದಿನ ತೊಟ್ಟಿಲು. ಬೆಳಿಗ್ಗೆ ನಮ್ಮೂರ ಟೈಮು ಒಂಬತ್ತಕ್ಕೆ ಫೋನ್ ಬರುತ್ತೆ. ಯಾವ ಹೆಸರು ಅನ್ನೋದು ಅವರಿಗೇ ಬಿಟ್ಟಿದ್ದು, ನಾವು ಯಾರೂ ಕೇಳಲ್ಲ. ಫೋನ್ ಇಡೋದು ಅವರೇ. ಅವರು ಇಡೋಕೆ ಮುಂಚೆ ಅದು ಕಟ್ಟಾದರೆ ನನ್ನ ಬೂತಿಗೆ ನಾನೇ ಬೀಗ ಹಾಕ್ತೀ‍ನಿ. ಭಾಗ್ಯ ಮಾತು ಕೊಟ್ಟವಳೆ ಅನ್ನಿ."

"ಬೂತಿಗೆ ಬೀಗ ಅಂತೀಯಲ್ಲಮ್ಮಿ, ತಲೆ ಗಿಲೆ ಕೆಟ್ಟದಾ?" ಎಂದರು ಅವರು.

ರಾಜಿಗೂ ಸ್ವಲ್ಪ ಮುಖ ಊದಿತು. ಮಗುವಿಗೆ ಅವಳು ಆಗಲೇ ಒಂದು ನಾಜೂಕಿನ ಹೆಸರು ಆರಿಸಿಟ್ಟಿದ್ದಳು. ಮಹೇಶನ ಮುಖ ನೋಡಿ ಸುಮ್ಮನಾದಳು. ನನ್ನ ತಂಗಿ ಅಂಥವಳು, ಅದಕ್ಕೇ ಅವಳನ್ನು ಕಂಡರೆ ನನಗೆ ಹೆಮ್ಮೆ.

ತೊಟ್ಟಿಲ ದಿನ

ಆಂಟಿ ಕೆಂಪು ಮೊಟ್ಟೆಗಳ ಬುಟ್ಟಿ ತಂದರು. ಸೀರೆಯಲ್ಲಿ ಕಟ್ಟಿದ ತೊಟ್ಟಿಲಿಗೆ ಹೂವು ಮುಡಿಸಿದ್ದೆ. ಹನ್ನೊಂದೂವರೆಗೆ, ಅಂದರೆ ಹದಿನಾರಿನಲ್ಲಿ ಒಂಬತ್ತಕ್ಕೆ, ಹೊಸ ನವಿಲು ಕೆರೆದು ನಾನೇ ನಂಬರ್ ಒತ್ತಿದೆ.

"ಅಕ್ಕ ಬಂದವ್ರೆ," ಎಂದರು ನನ್ನ ಗಂಡ. ನನಗೆ ಹೋದ ಜೀವ ಬಂತು. "ಆದ್ರೆ ಅರ್ಧ ಊರೇ ಬಂದದೆ ಕಣಮ್ಮಿ."

ಇದನ್ನು ನಾನು ಎಣಿಸಿಯೇ ಇರಲಿಲ್ಲ. ನಮ್ಮೂರಿನಲ್ಲಿ ಹಿರಿಯರನ್ನು ಬಿಟ್ಟು ಚಿಕ್ಕವರು ಮೊದಲು ಮಾತಾಡುವ ಪದ್ಧತಿ ಇಲ್ಲ. ಮೊದಲು ನಮ್ಮ ದೊಡ್ಡಪ್ಪ ರಿಸೀವರ್ ತೆಗೆದುಕೊಂಡರು. "ಏನವ್ವ, ಅಲ್ಲಿ ಮಳೆ ಬೆಳೆ ಎಂಗದೆ?" ಇಲ್ಲಿ ಬೆಳೆಯೇ ಇಲ್ಲ ದೊಡ್ಡಪ್ಪ ಎಂದರೆ, "ಮತ್ತೆ ಉಣ್ಣಾದೇನ?" ಎಂದು ಮರುಪ್ರಶ್ನೆ. ಆಮೇಲೆ ರಿಟೈರ್ಡ್ ಮೇಷ್ಟ್ರು, ಸಿಂಗಪುರಕ್ಕೆ ಮಾತಾಡುವುದು ಅಂತ ಪೂರ್ತಿ ಇಂಗ್ಲಿಷಿನಲ್ಲಿ. ಬೇಗ ಮುಗಿಸಿ ಎಂದು ಹಿರಿಯರಿಗೆ ಹೇಳುವ ಬಾಯಿ ನನಗಿಲ್ಲ. ಗಡಿಯಾರ ನೋಡಿದರೆ ಹದಿಮೂರು ನಿಮಿಷ ಹೋಗಿದೆ. ನನ್ನ ಬೂತಿನ ಬೀಗ ಕಣ್ಣ ಮುಂದೆ ತೂಗುತ್ತಿತ್ತು.

ಕೊನೆಗೆ ಆ ಕಡೆ ಸದ್ದಡಗಿತು. ಯಾರೋ ಉಸಿರಾಡುವುದು ಮಾತ್ರ ಕೇಳಿಸಿತು. ನಾನು ಮಹೇಶನ ಕೈಗೆ ಫೋನ್ ಕೊಟ್ಟು, ಅದರ ಹಿಂಬದಿಗೇ ಕಿವಿ ಅಂಟಿಸಿಕೊಂಡು ನಿಂತೆ.

"ಅಕ್ಕ," ಎಂದ ಮಹೇಶ.

ಅಷ್ಟೇ, ಅವರದು ಶುರುವಾಯಿತು. ಐದು ತಿಂಗಳ ಬಾಕಿ ಅದು. ಸಾಕಿದ್ದು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ನಂಜನಗೂಡಿನ ಆಸ್ಪತ್ರೆಗೆ ನಡೆದದ್ದು, ಎಲ್ಲ. ಆದರೆ ಒಂದು ವಿಚಿತ್ರ. ಅಕ್ಕ ಬೈಯುತ್ತ ಬೈಯುತ್ತ ಮಾತಿನ ಮಧ್ಯದಲ್ಲೇ ತಟ್ಟನೆ ನಿಲ್ಲಿಸಿಬಿಡುವರು. ನಿಲ್ಲಿಸಿ, ಕಾದು, ಸಣ್ಣ ದನಿಯಲ್ಲಿ ಕೇಳುವರು:

"ಇದ್ದೀಯೇನ್ಲಾ?"

"ಇದ್ದೀನಿ ಅಕ್ಕ."

ಮತ್ತೆ ಬೈಗುಳ. ಮತ್ತೆ ತಟ್ಟನೆ ಮೌನ. "ಇದ್ದೀಯೇನ್ಲಾ?"

"ಇದ್ದೀನಿ ಅಕ್ಕ, ಎಲ್ಲಿ ಹೋಗಲಿ."

ಏಳು ಸಲ ಕೇಳಿದರು. ಏಳು ಸಲವೂ ಅವನ ಉತ್ತರ ತಡವಿಲ್ಲದೆ ಅವರ ಕಿವಿಗೆ ಬಿತ್ತು. ಏಳನೇ ಸಲಕ್ಕೆ ಅವರ ದನಿ ಇಳಿಯಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ನನಗೆ ಇಲ್ಲಿಗೆ ಸ್ಪಷ್ಟವಾಗಿ ಕೇಳಿಸಿತು. ನವಿಲು ಕಾರ್ಡೆಂದರೆ ಅದು.

"ಎಲ್ಲವಳೆ ನನ್ ಸೊಸೆ? ಕಿವಿಗೆ ಇಡು," ಎಂದರು.

ರಾಜಿ ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿದಳು. ಮಹೇಶ ರಿಸೀವರನ್ನು ಅದರ ಪುಟ್ಟ ಕಿವಿಗೆ ಒತ್ತಿ ಹಿಡಿದ. ಮಗು ಅಳಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, ಏನೋ ದೊಡ್ಡ ವ್ಯವಹಾರ ಕೇಳಿಸಿಕೊಳ್ಳುವವರ ಹಾಗೆ ಕಣ್ಣು ಬಿಟ್ಟುಕೊಂಡು ಕೇಳಿತು. ಅತ್ತೆ ಸೊಸೆ ಎಷ್ಟು ಹೊತ್ತು ಮಾತಾಡಿದರೋ, ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ಆಂಟಿ ಕೂಡ ಮೊಟ್ಟೆಯ ಬುಟ್ಟಿ ತಬ್ಬಿಕೊಂಡು ನಿಂತಿದ್ದರು. ನಾನು ಗಡಿಯಾರ ನೋಡಿ ಫೋನ್ ಕಿತ್ತುಕೊಂಡೆ. ಅದೇ ಗಳಿಗೆಗೆ ಕಾರ್ಡಿನ ಹೆಂಗಸು ಇನ್ನೊಂದು ನಿಮಿಷ ಎಂದಳು.

"ಅಕ್ಕ, ನಾನು ಭಾಗ್ಯ. ಈಗ ನೀವೇ ಫೋನ್ ಇಡಿ."

"ಯಾಕಮ್ಮಿ? ಈಗ ತಾನೆ ಬಂದಿವ್ನಿ."

"ನಿಮ್ಮ ಕೈಯಿಂದ್ಲೇ ಇಡಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ ಅಕ್ಕ. ಇಡಿ."

"ಇಡ್ಲಾ?"

"ಇಡಿ."

"ಮಗೀಗೆ ನೆತ್ತಿಗೆ ಎಣ್ಣೆ ಒತ್ತು."

"ಒತ್ತುತೀನಿ. ಇಡಿ ಅಕ್ಕ."

"ಸರಿ, ಬತ್ತೀನಿ ಹಂಗಾರೆ."

"ಬನ್ನಿ."

"ಇಡ್ತೀನಿ."

"ಅಯ್ಯೋ ಇಡಿ ಅಕ್ಕಾ!"

ಟಕ್ ಎಂದಿತು. ಎಂಥ ಟಕ್ ಅದು! ಇಡೀ ಊರಿನ ಮುಂದೆ, ತಮ್ಮ ಕೈಯಿಂದ, ತಮ್ಮ ಮನಸ್ಸು ಬಂದಾಗ ಇಟ್ಟರು ಶಿವಮ್ಮಕ್ಕ. ನನ್ನ ಲೆಕ್ಕದಲ್ಲಿ ಇನ್ನೂ ಹತ್ತು ಸೆಕೆಂಡು ಮಿಕ್ಕಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ನನ್ನ ಬೂತು ಉಳಿಯಿತು, ನಾನು ಕೂಡಿಸಿದ ಸಂಬಂಧ ಉಳಿಯಿತು.

ಆಂಟಿ ಎಲ್ಲರಿಗೂ ಕೆಂಪು ಮೊಟ್ಟೆ ಹಂಚಿದರು. ತೊಟ್ಟಿಲ ಮೇಲೆ ಬಗ್ಗಿ, ಮಗುವಿನ ಗಲ್ಲ ಮುಟ್ಟಿ, "ನೇಮ್? ವಾಟ್ ನೇಮ್?" ಎಂದು ಕೇಳಿದರು.

ನಾನು ಮಹೇಶನ ಮುಖ ನೋಡಿದೆ. ಅವನು ರಾಜಿಯ ಮುಖ ನೋಡಿದ. ರಾಜಿ ನನ್ನ ಮುಖ ನೋಡಿದಳು. ರಿಸೀವರ್ ಇದ್ದದ್ದು ಮಗುವಿನ ಕಿವಿಯಲ್ಲಿ. ಹೆಸರು ಕೇಳಿಸಿಕೊಂಡದ್ದು ಆ ಮನೆಯಲ್ಲಿ ಮಗು ಒಂದೇ. ಅದಾಗಲೇ ನಿದ್ದೆ ಹೋಗಿತ್ತು.

ಕೊನೆಯ ನವಿಲು

ಉಳಿದಿದ್ದ ನವಿಲು ಕೆರೆದೆವು. ನನ್ನ ಗಂಡ ಎತ್ತಿ, "ಅಕ್ಕ ಎದ್ದೇ ಇಲ್ಲ ಕಣಮ್ಮಿ, ಸ್ಟೂಲ್ ಮ್ಯಾಲೇ ಕೂತವ್ರೆ," ಎಂದರು. ಮಹೇಶ ಫೋನ್ ತೆಗೆದುಕೊಂಡ. ನಾನು ಮತ್ತೆ ಅದರ ಹಿಂಬದಿಗೆ ಕಿವಿ ಕೊಟ್ಟೆ.

"ಅಕ್ಕ, ಏನು ಹೆಸರು ಹೇಳಿದೆ? ಇಲ್ಲಿ ಯಾರಿಗೂ ಕೇಳಿಸಲಿಲ್ಲ."

"ನಂಗೊತ್ತು ಕಣ್ಲಾ. ಕೇಳಿಸ್ಬಾರ್ದು ಅಂತ್ಲೇ ಮೆಲ್ಲಗೆ ಏಳ್ದೆ."

"ಯಾಕಕ್ಕ?"

"ಜೋರಾಗಿ ಏಳಿದ್ರೆ ನೀನು ಇವತ್ತೇ ತಿರ್ಗ ಮಾಡ್ತಿದ್ದಾ ಫೋನು?"

ಮಹೇಶನ ಕಣ್ಣಿನಿಂದ ನೀರು ಬಳಬಳ ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಈಗಲಾದರೂ ಹೇಳು," ಎಂದ.

"ನಾಳೆ ಮಾಡು. ಏಳ್ತೀನಿ." ಟಕ್.

ಹೀಗೆ ಆ ಮಗು ಶಾಸ್ತ್ರವಾದ ಮೇಲೂ ಒಂದು ದಿನ ಹೆಸರಿಲ್ಲದೆ ಇತ್ತು. ರಾಜಿ ಸಿಟ್ಟು ಮಾಡಿಕೊಳ್ಳಲು ಹೋಗಿ ನಕ್ಕುಬಿಟ್ಟಳು. ಸಂಜೆ ನಾನು ಟೇಕ್ಕಾಕ್ಕೆ ಹೋಗಿ, ಅಣ್ಣಾಚಿಯ ಮೇಜಿನ ಕೆಳಗೆ ಎಷ್ಟು ನವಿಲಿತ್ತೋ ಅಷ್ಟನ್ನೂ ಕೊಂಡು ತಂದೆ.

ಮಾರನೇ ದಿನ ಅದೇ ಹೊತ್ತಿಗೆ ಮಾಡಿದೆವು. ಒಂದೇ ರಿಂಗು. ಎತ್ತಿದ್ದು ನನ್ನ ಗಂಡನಲ್ಲ.

"ಗೌರಿ," ಎಂದರು ಶಿವಮ್ಮಕ್ಕ, ಹಲೋ ಕೂಡ ಅನ್ನದೆ. "ನಮ್ಮವ್ವನ ಎಸ್ರು ಕಣ್ಲಾ. ಏಳಾಯ್ತು. ನಾಳೆ ಯಾಕೆ ಫೋನ್ ಮಾಡ್ಬೇಕು ಅನ್ನಾದ್ನ ಇನ್ ನೀನೇ ಯೋಚ್ನೆ ಮಾಡ್ಕೊ."